ಭಾವನ ದೊಡ್ಡ ಫೋಟೊ

ಫೆಬ್ರವರಿ 3, ಸೋಮವಾರ

ಈ ನೋಟ್‌ಬುಕ್ ತಂದಿದ್ದು ನನ್ನ ಕೋಡಿನ ಪರೀಕ್ಷೆಗಳ ಫಲಿತಾಂಶ ಬರೆದಿಡಲು. ಮೊದಲ ಪುಟದಲ್ಲೇ ಗೊಣಗಾಟ ಶುರುವಾಗುತ್ತಿದೆ. ಇರಲಿ, ಇದನ್ನು ಯಾರು ಓದಬೇಕು.

ಇವತ್ತು ಹನ್ನೊಂದು ದೂರು ಬಂದವು. ಎಲ್ಲರದ್ದೂ ಒಂದೇ ರಾಗ: ಫೋಟೊ ಮಸುಕಾಗಿದೆ, ಹಿಗ್ಗಿಸಿ ನೋಡಿದರೆ ಮುಖವೇ ತಿಳಿಯುವುದಿಲ್ಲ. ಜನ ತಮ್ಮ ಮನೆಯ ಫೋಟೊಗಳನ್ನೆಲ್ಲ ನಮ್ಮ ಕಂಪನಿಯ ಆಲ್ಬಮ್ಮಿನಲ್ಲಿ ಇಡುತ್ತಾರೆ. ಫೋನಿನಲ್ಲಿ ನೋಡುವಾಗ ನಾವು ಚಿಕ್ಕ ಪ್ರತಿ ತೋರಿಸುತ್ತೇವೆ, ಕೇಳಿದರೆ ಮೂಲ ಫೋಟೊ ಕೊಡುತ್ತೇವೆ. ಫೋಟೊದ ಅಳತೆ ಬದಲಿಸುವ ಕೋಡ್ ನನ್ನದು. ನಾಲ್ಕು ವರ್ಷದಿಂದ ಅದರ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ.

ಮಾಸ್ತರು ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಪಕ್ಕ ಕೂತರು. "ನೋಡಮ್ಮ, ಬರೆದೋರ ಕಣ್ಣಿಗೆ ತಮ್ಮ ತಪ್ಪು ಕಾಣಲ್ಲ. ಮೊದಲನೇ ಸಾಲಿಂದ ಇನ್ನೊಂದ್ಸಲ ನೋಡು. ಅವಸರ ಏನಿಲ್ಲ."

ಅವರು ನಿಜವಾದ ಮಾಸ್ತರಲ್ಲ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಎಂಜಿನಿಯರ್. ನಾನು ಸೇರಿದ ಹೊಸದರಲ್ಲಿ ನನ್ನ ಕೋಡನ್ನು ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ತಿದ್ದಿಕೊಡುತ್ತಿದ್ದರು. ಆ ಹೆಸರಿಟ್ಟವಳು ನಾನೇ, ಈಗ ಆಫೀಸೆಲ್ಲ ಹಾಗೇ ಕರೆಯುತ್ತದೆ. ನನಗೆ ಈ ಕೆಲಸದಲ್ಲಿ ಗೊತ್ತಿರುವುದೆಲ್ಲ ಅವರು ಹೇಳಿಕೊಟ್ಟದ್ದು. ಅವರು ತಪ್ಪಿದೆ ಎಂದರೆ ಎಲ್ಲೋ ಇರಲೇಬೇಕು.

ಫೆಬ್ರವರಿ 6, ಗುರುವಾರ

ಮೂರು ದಿನದಿಂದ ಆಫೀಸಿನ ಹಿಂದಿನ ಇಟ್ಟಿಗೆ ಗೋಡೆಯ ಫೋಟೊವನ್ನೇ ಚಿಕ್ಕದು ಮಾಡುತ್ತಾ ಕೂತಿದ್ದೇನೆ. ಫೋಟೊ ಎಂದರೆ ಸಾಲುಸಾಲು ಬಣ್ಣದ ಚುಕ್ಕೆಗಳು. ನಡುನಡುವಿನ ಚುಕ್ಕೆಗಳನ್ನು ಬಿಟ್ಟುಬಿಡುವುದು ಒಂದು ದಾರಿ: ಬಲು ಬೇಗ ಆಗುತ್ತದೆ, ಆದರೆ ಇಟ್ಟಿಗೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಅಕ್ಕಪಕ್ಕದ ಚುಕ್ಕೆಗಳ ಸರಾಸರಿ ತೆಗೆಯುವುದು ಇನ್ನೊಂದು: ಅಂಚು ನಯವಾಗುತ್ತದೆ, ಸ್ವಲ್ಪ ಮಂಕೂ ಆಗುತ್ತದೆ. ಮೂರನೆಯದು ಇನ್ನೂ ದೂರದ ಚುಕ್ಕೆಗಳನ್ನೂ ಅಳೆದು ತೂಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದು ಚೊಕ್ಕ. ಅತಿ ಮಾಡಿದರೆ ಮಾತ್ರ ಅಂಚಿನ ಸುತ್ತ ಬಿಳಿ ಗೆರೆ ಬಂದು ಎಲ್ಲರೂ ಬಲ್ಬಿನ ಮುಂದೆ ನಿಂತ ಹಾಗೆ ಕಾಣುತ್ತಾರೆ. ನನ್ನ ಕೋಡಿನಲ್ಲಿರುವುದು ಈ ಮೂರನೆಯದು, ಹದವಾಗಿ. ಗೋಡೆಯ ಇಟ್ಟಿಗೆಗಳನ್ನು ಚಿಕ್ಕ ಪ್ರತಿಯಲ್ಲೂ ಒಂದೊಂದಾಗಿ ಎಣಿಸಿದೆ. ಎಲ್ಲ ಇವೆ.

ಹಾಗಾದರೆ ಕೋಡ್ ಸರಿ, ದೂರೂ ಸರಿ. ಇದು ಹೇಗೆ ಸಾಧ್ಯ?

ದೂರು ನೋಡಿಕೊಳ್ಳುವಾಕೆಗೆ ತಾಳ್ಮೆ ಮುಗಿದಿದೆ. "ಮುಖ ಚೊಕ್ಕ ಮಾಡೋ ಪ್ರೋಗ್ರಾಂ ಬಂದಿದ್ಯಲ್ರೀ, ಅದನ್ನ ಹಾಕಿ ಕೊಟ್ಬಿಡಿ, ಜನ ಖುಷಿಯಾಗ್ತಾರೆ" ಎಂದಳು. ನನಗೆ ಸರ್ರನೆ ಸಿಟ್ಟು ಬಂತು. ಅದು ಫೋಟೊ ಅಲ್ಲ, ಊಹೆ. ಲಕ್ಷಾಂತರ ಜನರ ಮುಖ ನೋಡಿ ಕಲಿತ ಪ್ರೋಗ್ರಾಂ ಅದು. ಅಳಿಸಿಹೋದ ಜಾಗದಲ್ಲಿ ಇಂಥದ್ದು ಇದ್ದಿರಬಹುದು ಎಂದು ತಾನೇ ಬರೆದುಬಿಡುತ್ತದೆ. ಒಬ್ಬರ ಕಣ್ಣಿನ ಜಾಗಕ್ಕೆ ಇನ್ಯಾರದೋ ಕಣ್ಣು. ಅದನ್ನು ಕೊಟ್ಟು ನಿಮ್ಮ ತಾಯಿ ಇವರೇ ಎಂದು ಹೇಳುವುದಕ್ಕಿಂತ ಅಂಗಡಿ ಮುಚ್ಚುವುದು ಮೇಲು ಎಂದೆ. ಅವಳು ತನ್ನ ಕಾಫಿ ಲೋಟ ಎತ್ತಿಕೊಂಡು ಹೋದಳು.

ಫೆಬ್ರವರಿ 9, ಭಾನುವಾರ

ಅಕ್ಕ ಮಹಡಿಯಿಂದ ಇಳಿದು ಬಂದಳು, ಕೊರಳಲ್ಲಿ ಇನ್ನೂ ಅಳತೆ ಟೇಪು. ನಮ್ಮ ಮೇಲಿನ ಮನೆಯಲ್ಲೇ ಅವಳು ಇರುವುದು. ಬಟ್ಟೆ ಆಲ್ಟ್ರೇಶನ್ ಮಾಡುತ್ತಾಳೆ. ಹೊಲಿಗೆ ಯಂತ್ರದ ಸದ್ದು ನಿಂತರೆ ಅವಳು ಬರುತ್ತಾಳೆ ಎಂದು ಅರ್ಥ.

ಭಾವ ಹದಿನೆಂಟು ವರ್ಷ ಈಜು ಕಲಿಸಿದ ಕೊಳವನ್ನು ಈಗ ಹೊಸದಾಗಿ ಕಟ್ಟಿದ್ದಾರೆ. ಮಾರ್ಚ್ ಮೂವತ್ತಕ್ಕೆ ತೆರೆಯುತ್ತಾರೆ. ಬಾಗಿಲ ಎದುರಿನ ಗೋಡೆಗೆ ಭಾವನ ಫೋಟೊ ಹಾಕುತ್ತಾರಂತೆ, ಆಳೆತ್ತರದ್ದು. ಅಕ್ಕ ಇದನ್ನು ಎರಡು ಸಲ ಹೇಳಿದಳು. ಭಾವ ಹೋದ ಆಗಸ್ಟಿನಲ್ಲಿ ತೀರಿಕೊಂಡ ಮೇಲೆ ಅವಳು ಒಂದು ಸುದ್ದಿಯನ್ನು ಎರಡು ಸಲ ಹೇಳಿದ್ದು ಇದೇ ಮೊದಲು.

"ನೀನು ತೆಗ್ದಿದ್ದೀಯಲ್ಲ, ನೀರಿಂದ ಎದ್ದು ಬಂದು ನಗ್ತಾ ನಿಂತಿರೋದು. ಅದೇ ಆಗ್ಬೇಕು. ಬೇರೆ ಎಲ್ಲಾದ್ರಲ್ಲೂ ಪಾಸ್‌ಪೋರ್ಟಿಗೆ ನಿಂತ ಹಾಗೆ ನಿಂತಿದ್ದಾರೆ."

"ಅದಕ್ಕೇನಂತೆ, ಮೂಲ ಫೋಟೊ ನಮ್ಮ ಆಲ್ಬಮ್ಮಲ್ಲೇ ಇದೆ. ಗೋಡೆಗಲ್ಲ, ಬೇಕಿದ್ರೆ ಬಸ್ಸಿನ ಮೈಗೆ ಹಾಕ್ಬೋದು" ಎಂದೆ. ಅಕ್ಕ ನಕ್ಕಳು. ಅವಳ ನಗು ನೋಡಿ ಎಷ್ಟು ದಿನವಾಗಿತ್ತು.

ಫೆಬ್ರವರಿ 12, ಬುಧವಾರ

ಆಲ್ಬಮ್ಮಿನಿಂದ ಮೂಲ ಫೋಟೊ ಇಳಿಸಿ ಅಕ್ಕನ ಜೊತೆ ಪ್ರಿಂಟ್ ಅಂಗಡಿಗೆ ಹೋದೆ. ಅಂಗಡಿಯವರು ಪರದೆಯ ಮೇಲೆ ಅದನ್ನು ಹಿಗ್ಗಿಸಿ, ಕನ್ನಡಕ ಹಣೆಗೆ ಏರಿಸಿ, ತಲೆ ಅಲ್ಲಾಡಿಸಿದರು.

"ಇದ್ರಲ್ಲಿ ಸರಕಿಲ್ಲ ಮೇಡಂ. ಅಳತೆ ನಾಲ್ಕು ಸಾವಿರ ಚುಕ್ಕೆ ಅಗಲ ಅಂತ ತೋರಿಸ್ತಿದೆ, ಒಳಗೆ ಮಾತ್ರ ಬರೀ ಹೊಗೆ. ಇದನ್ನ ಆಳೆತ್ತರ ಮಾಡಿದ್ರೆ ನೀವೇ ನನ್ನನ್ನ ಬೈತೀರಿ. ಮೂಲದ್ದು ತನ್ನಿ."

"ಇದೇ ಮೂಲದ್ದು" ಎಂದೆ.

"ನೀವು ಹಾಗಂದ್ರೆ ಆಯ್ತು. ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ."

ಮೈ ಉರಿಯಿತು. ಇವರಿಂದ ನಾನು ಫೋಟೊದ ಪಾಠ ಹೇಳಿಸಿಕೊಳ್ಳಬೇಕೇ. ವಾಪಸ್ ಬರುವಾಗ ಅಕ್ಕ, "ಅವರ ಕಂಪ್ಯೂಟರ್ ಹಳೇದಿರ್ಬೇಕು ಬಿಡೇ" ಎಂದಳು. ನನ್ನ ಪರ ವಹಿಸಿ ಮಾತಾಡಿದಳು. ಭಾವನ ಮುಖ ಪರದೆಯ ಮೇಲೆ ಬೂದು ಬೂದಾಗಿ ಹರಡಿದ್ದನ್ನು ಅವಳೂ ನೋಡಿದ್ದಳು.

ಫೆಬ್ರವರಿ 18, ಮಂಗಳವಾರ

ಪ್ರಿಂಟ್ ಅಂಗಡಿಯವರ ಹೊಗೆ ತಲೆಯಿಂದ ಹೋಗಲಿಲ್ಲ. ಇವತ್ತು ಒಂದು ಪರೀಕ್ಷೆ ಮಾಡಿದೆ.

ನಿಜವಾದ ದೊಡ್ಡ ಫೋಟೊವನ್ನು ಐದನೇ ಒಂದು ಭಾಗಕ್ಕೆ ಇಳಿಸಿ, ಮತ್ತೆ ಅಷ್ಟಕ್ಕೇ ಹಿಗ್ಗಿಸಿದರೆ ಮೊದಲಿನದು ಬರುವುದಿಲ್ಲ. ಇಪ್ಪತ್ತೈದು ಚುಕ್ಕೆ ಇದ್ದಲ್ಲಿ ಒಂದು ಉಳಿದಿರುತ್ತದೆ, ಹೋದ ಇಪ್ಪತ್ತನಾಲ್ಕನ್ನು ಕೋಡ್ ಎಲ್ಲಿಂದ ತರಬೇಕು? ರೆಪ್ಪೆಗೂದಲು, ಬಟ್ಟೆಯ ನೇಯ್ಗೆ ಎಲ್ಲ ಮಾಯವಾಗುತ್ತದೆ. ಇಟ್ಟಿಗೆ ಗೋಡೆಗೆ ಹೀಗೆ ಮಾಡಿದೆ, ಗೋಡೆ ಹಾಳಾಯಿತು. ಸರಿಯೇ.

ಅದನ್ನೇ ಭಾವನ ಫೋಟೊಗೆ ಮಾಡಿದೆ. ನಾಲ್ಕು ಸಾವಿರವನ್ನು ಎಂಟುನೂರಕ್ಕೆ ಇಳಿಸಿ, ಮತ್ತೆ ನಾಲ್ಕು ಸಾವಿರಕ್ಕೆ ಏರಿಸಿ, ಎರಡನ್ನೂ ಒಂದರ ಮೇಲೊಂದು ಇಟ್ಟು ವ್ಯತ್ಯಾಸ ತೆಗೆದೆ. ಪರದೆ ಪೂರ್ತಿ ಕಪ್ಪು. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕಳೆದುಕೊಳ್ಳಲು ಅದರಲ್ಲಿ ಏನೂ ಇರಲೇ ಇಲ್ಲ. ಯಾರೋ ಅದನ್ನು ಈ ಮೊದಲೇ ಎಂಟುನೂರಕ್ಕೆ ಇಳಿಸಿದ್ದಾರೆ.

ಬೇರೆ ಮೂವತ್ತು ಜನರ ಆಲ್ಬಮ್ಮಿನಲ್ಲಿ ನೋಡಿದೆ. ಕಳೆದ ಆಗಸ್ಟಿಗಿಂತ ಹಿಂದಿನ ಎಲ್ಲ ಫೋಟೊಗಳೂ ಹೀಗೇ. ಆಮೇಲಿನವು ಚೆನ್ನಾಗಿವೆ.

ನಾಳೆ ಮೊದಲು ಮಾಸ್ತರಿಗೆ ಹೇಳಬೇಕು. ಪಾಪ, ಅವರಿಗೆ ಎಷ್ಟು ಆಘಾತವಾಗುತ್ತದೋ.

ಫೆಬ್ರವರಿ 19, ಬುಧವಾರ

ಮಾಸ್ತರು ರಜೆ. ಅವರಿಲ್ಲದಿದ್ದರೂ ಕೆಲಸ ನಿಲ್ಲಬಾರದೆಂದು ಸರ್ವರಿನ ಹಳೆಯ ದಾಖಲೆ ತೆಗೆದೆ. ಯಾರು ಯಾವತ್ತು ಏನು ಓಡಿಸಿದರು ಎಂಬುದು ಅದರಲ್ಲಿ ಇರುತ್ತದೆ.

ಆಗಸ್ಟ್ 14ರಿಂದ 19. ಆರು ದಿನ ಹಗಲೂ ಇರುಳೂ ಒಂದೇ ಕೆಲಸ ಓಡಿದೆ: ಪ್ರತಿ ಮೂಲ ಫೋಟೊವನ್ನು ಎಂಟುನೂರಕ್ಕೆ ಇಳಿಸಿ, ಅದರ ಮೇಲೇ ಬರೆದು, ಮೂಲ ಅಳಿಸುವುದು. ಯಾರಾದರೂ ಮೂಲ ಕೇಳಿದರೆ ಅಲ್ಲಿಂದಲ್ಲೇ ನಾಲ್ಕು ಸಾವಿರಕ್ಕೆ ಹಿಗ್ಗಿಸಿ ಕೊಡುವುದು. ಇಳಿಸುವುದಕ್ಕೆ ಬಳಸಿದ್ದು ನನ್ನ ಕೋಡ್. ಹಿಗ್ಗಿಸುವುದಕ್ಕೂ ನನ್ನದೇ. "ಚಿಕ್ಕದು ಮಾಡೋದು ಎಲ್ರೂ ಬರೀತಾರೆ, ನಯವಾಗಿ ದೊಡ್ಡದು ಮಾಡೋದು ಬರೆದು ತೋರ್ಸು ನೋಡೋಣ" ಎಂದು ಜುಲೈಯಲ್ಲಿ ಮಾಸ್ತರು ನನ್ನನ್ನು ಕೆಣಕಿದ್ದರು. ಎರಡು ದಿನದಲ್ಲಿ ಬರೆದುಕೊಟ್ಟು ಬೀಗಿದ್ದೆ.

ಓಡಿಸಿದವರ ಹೆಸರು: ನನ್ನದು.

ಭಾವ ತೀರಿಕೊಂಡದ್ದು ಆಗಸ್ಟ್ 12. ಆ ವಾರವಿಡೀ ನಾನು ಅಕ್ಕನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದೆ. ಮಾಸ್ತರು ಮನೆಗೆ ಬಂದಿದ್ದರು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ, "ಮನೇದು ನೀನು ನೋಡ್ಕೊಳಮ್ಮ, ಅಲ್ಲಿದು ನಾನು ನೋಡ್ಕೋತೀನಿ. ಪಾಸ್‌ವರ್ಡ್ ಒಂದು ಕೊಟ್ಟಿರು, ನಿನ್ನ ಬಾಕಿ ಕೆಲಸ ಮುಗಿಸ್ತೀನಿ" ಎಂದಿದ್ದರು. ಚೀಟಿಯಲ್ಲಿ ಬರೆದು ಕೊಟ್ಟೆ. ಕೈ ಮುಗಿದು ಕೊಟ್ಟೆ.

ಫೆಬ್ರವರಿ 20, ಗುರುವಾರ

ಅವರು ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ಒಂದಿಷ್ಟು ಹೊತ್ತು ನಂಬುತ್ತಿದ್ದೆ.

ಮೀಟಿಂಗ್ ಕೋಣೆಯಲ್ಲಿ ಇಬ್ಬರೇ. ದಾಖಲೆಯ ಪ್ರಿಂಟನ್ನು ಅವರ ಮುಂದೆ ಇಟ್ಟೆ. ಓದಲಿಲ್ಲ, ಕಾಗದದ ಮೂಲೆಯನ್ನು ಮಡಚುತ್ತಾ ಕೂತರು.

"ಡಿಸ್ಕ್ ತುಂಬಿ ತುಳುಕ್ತಿತ್ತಮ್ಮ. ಯಜಮಾನ್ರು ಹೊಸದು ತರಲ್ಲ ಅಂದ್ರು, ನೀವೇ ಏನಾದ್ರೂ ಮಾಡಿ ಅಂದ್ರು. ಇನ್ನೊಂದು ವಾರ ಬಿಟ್ಟಿದ್ರೆ ಎಲ್ಲಾ ನಿಂತೋಗ್ತಿತ್ತು. ಜನ ನೋಡೋದು ಫೋನಲ್ಲಿ. ಅಂಗೈಯಗಲ. ಅದಕ್ಕೆ ಎಂಟುನೂರು ಬೇಕಾದಷ್ಟಾಯ್ತು. ಆರು ತಿಂಗಳು ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ?"

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಿಡ್ತಿರ್ಲಿಲ್ಲ."

"ನನ್ನ ಹೆಸರಲ್ಲಿ ಯಾಕೆ?"

ಮಡಚಿದ ಮೂಲೆಯನ್ನು ಬೆರಳಿನಿಂದ ಉಜ್ಜಿ ನೇರ ಮಾಡಿದರು. "ನಿನ್ನ ಕೋಡಲ್ವಾ, ನಿನ್ನ ಲಾಗಿನ್ನಲ್ಲಿ ಸಲೀಸಾಗಿ ಓಡ್ತು. ಬೇರೆ ಯೋಚನೆ ಮಾಡ್ಲಿಲ್ಲ" ಎಂದರು.

ಎರಡು ವಾರದಿಂದ ನಾನು ಇಟ್ಟಿಗೆ ಎಣಿಸುತ್ತಿದ್ದೆ. ಇವರು ದಿನಾ ಬಂದು, ಎಲ್ಲಿಗೆ ಬಂತಮ್ಮ ಎಂದು ಕೇಳಿಕೊಂಡು ಹೋಗುತ್ತಿದ್ದರು. ಕಣ್ಣಿಗೆ ಮಣ್ಣೆರಚುವವರು ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೆಂಪು ಪೆನ್ನು ಹಿಡಿದು ಅಕ್ಷರ ತಿದ್ದಿದ ಕೈ ಇದು.

ನಮ್ಮ ಭಾವನ ಫೋಟೊ ಕೂಡ ಹೋಯಿತು ಎಂದೆ. ಅವರು ತಲೆ ಎತ್ತಿ, "ಫೋನಲ್ಲಿ ಇರುತ್ತಲ್ಲಮ್ಮ?" ಎಂದರು.

ಫೆಬ್ರವರಿ 21, ಶುಕ್ರವಾರ

ಫೋನಿನಲ್ಲಿ ಇತ್ತು. ಭಾವನ ಫೋನಿನಲ್ಲಿ ಎಲ್ಲವೂ ಇತ್ತು, ನಾನು ಆ ಫೋಟೊ ತೆಗೆದಿದ್ದೂ ಅದರಲ್ಲೇ. ಸೆಪ್ಟೆಂಬರಿನಲ್ಲಿ ಅಕ್ಕ ಅದನ್ನು ಹಿಡಿದುಕೊಂಡು ದಿನವಿಡೀ ಅಳುತ್ತಿದ್ದಳು. "ಎಲ್ಲಾ ನಮ್ಮ ಆಲ್ಬಮ್ಮಲ್ಲಿ ಭದ್ರವಾಗಿದೆ ಅಕ್ಕ, ನಾನಿದ್ದೀನಲ್ಲ, ಇದನ್ನ ಖಾಲಿ ಮಾಡಿ ಕೊಟ್ಬಿಡೋಣ" ಎಂದು ನಾನೇ ಅವಳ ಕೈಯಿಂದ ತೆಗೆದುಕೊಂಡೆ. ನಾನೇ ಒತ್ತಿದೆ.

ಫೆಬ್ರವರಿ 24, ಸೋಮವಾರ

ಅಕ್ಕ: "ಫೋಟೊ ಏನಾಯ್ತೇ? ಕೊಳದ ಮ್ಯಾನೇಜರ್ ಕೇಳ್ತಿದ್ರು."

ನಾನು: "ಮೂಲದ್ದು ತೆಗೆಸ್ತಿದ್ದೀನಿ. ಬೇರೆ ಡಿಸ್ಕಲ್ಲಿದೆ. ಒಂದ್ನಾಲ್ಕು ದಿನ."

ಹೇಳೋಣವೆಂದೇ ಮೆಟ್ಟಿಲು ಹತ್ತಿದ್ದೆ. ಅವಳು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ಬಾಯಲ್ಲಿ ಗುಂಡುಸೂಜಿಗಳಿದ್ದವು. ಆ ಸ್ಥಿತಿಯಲ್ಲಿ ಹೇಗೆ ಹೇಳುವುದು. ಮೊದಲು ಆಫೀಸಿನದು ಇತ್ಯರ್ಥವಾಗಲಿ, ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಾಗಲಿ, ಆಮೇಲೆ ಹೇಳಿದರೆ ಅವಳಿಗೂ ಅರ್ಥವಾಗುತ್ತದೆ.

ಫೆಬ್ರವರಿ 27, ಗುರುವಾರ

ಯಜಮಾನರು ಕರೆಸಿದರು. ಅವರ ಕೋಣೆಯಲ್ಲಿ ಮಾಸ್ತರು ಆಗಲೇ ಕೂತಿದ್ದರು. ನಾನು ನಿಂತೇ ಇದ್ದೆ, ಯಾರೂ ಕೂರು ಎನ್ನಲಿಲ್ಲ.

ಮೇಜಿನ ಮೇಲೆ ಅದೇ ದಾಖಲೆ. ನನ್ನ ಹೆಸರಿನ ಕೆಳಗೆ ಗೆರೆ ಎಳೆದಿದ್ದರು. ಆ ವಾರ ನಾನು ರಜೆಯಲ್ಲಿದ್ದೆ ಎಂದೆ. ಮನೆಯಿಂದ ಓಡಿಸಬಹುದಲ್ಲ ಎಂದರು ಯಜಮಾನರು. ಪಾಸ್‌ವರ್ಡ್ ಮಾಸ್ತರಿಗೆ ಕೊಟ್ಟಿದ್ದೆ ಎಂದೆ. ಪಾಸ್‌ವರ್ಡ್ ಯಾರಿಗೂ ಕೊಡಬಾರದೆಂದು ನಿಯಮವಿದೆ, ಗೊತ್ತಿಲ್ಲವೇ ಎಂದರು. ಡಿಸ್ಕಿನ ವಿಷಯ ತೆಗೆದೆ. ತಾವು ಏನಾದರೂ ಮಾಡಿ ಎಂದಿದ್ದು ನಿಜ, ಅಳಿಸಿ ಎಂದಿರಲಿಲ್ಲ ಎಂದು ಯಜಮಾನರು ಕೈ ತೊಳೆದುಕೊಂಡರು.

ಮಾಸ್ತರ ಕಡೆ ತಿರುಗಿದೆ. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಅವರು ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ, "ಬಿಡಿ ಸರ್, ಪಾಪ. ಆಗ ಅವ್ರ ಮನೇಲಿ ಸಾವಾಗಿತ್ತು. ತಲೆ ಸರಿಯಿರ್ಲಿಲ್ಲ ಅನ್ಸುತ್ತೆ. ಕೆಲಸದಿಂದ ತೆಗೆಯೋದೆಲ್ಲ ಬೇಡ" ಎಂದರು.

ತಾವು ಮಾಡಿದ್ದಕ್ಕೆ ನನ್ನನ್ನು ಕ್ಷಮಿಸಿದರು. ನಮ್ಮ ಭಾವನ ಸಾವನ್ನು ಎತ್ತಿ ನನಗೊಂದು ನೆಪ ಮಾಡಿ ಕೊಟ್ಟರು. ನನ್ನ ತಲೆಯ ಮೇಲೆ ಗೂಬೆ ಕೂರಿಸಿ, ಅದಕ್ಕೆ ಅನುಕಂಪದ ಹೊದಿಕೆ ಬೇರೆ. ಬಾಗಿಲು ತೆರೆದು ಬಂದೆ. ಮೇಜಿನಿಂದ ಲೋಟ, ಛತ್ರಿ, ಈ ನೋಟ್‌ಬುಕ್ ಮೂರನ್ನೇ ತೆಗೆದುಕೊಂಡೆ.

ಮಾರ್ಚ್ 3, ಸೋಮವಾರ

ರಾಜೀನಾಮೆ ಕಳಿಸಿದೆ. ಎರಡು ಗಂಟೆಯೊಳಗೆ ಒಪ್ಪಿಕೊಂಡರು.

ಗ್ರಾಹಕರಿಗೆಲ್ಲ ಪತ್ರ ಹೋಗಿದೆ, ಅಕ್ಕನಿಗೂ ಬಂದಿರುತ್ತದೆ: "ಚಿತ್ರದ ಅಳತೆ ಬದಲಿಸುವ ಕೋಡಿನಲ್ಲಿ ಒಬ್ಬ ಉದ್ಯೋಗಿಯಿಂದ ಆದ ಲೋಪದಿಂದಾಗಿ ಕೆಲವು ಹಳೆಯ ಚಿತ್ರಗಳ ಗುಣಮಟ್ಟ ತುಸು ಕಡಿಮೆಯಾಗಿರಬಹುದು. ಸಂಬಂಧಪಟ್ಟವರು ಈಗ ನಮ್ಮಲ್ಲಿಲ್ಲ." ಭಾಷೆ ಮಾಸ್ತರದ್ದು. ತುಸು ಎಂಬ ಪದವನ್ನು ಅವರೊಬ್ಬರೇ ಬಳಸುವುದು.

ಅಕ್ಕ ಇಂಥ ಪತ್ರಗಳನ್ನು ತೆರೆಯುವುದಿಲ್ಲ. ಆದರೂ ಅವಳು ಯಂತ್ರ ತುಳಿಯುತ್ತಿದ್ದಾಗ ಫೋನ್ ಚಾರ್ಜಿಗೆ ಹಾಕುವ ನೆಪದಲ್ಲಿ ತೆಗೆದುಕೊಂಡು ಅಳಿಸಿದೆ. ಸುಮ್ಮನೆ ಗಾಬರಿಯಾಗುತ್ತಾಳೆ.

ಮಾರ್ಚ್ 8, ಶನಿವಾರ

ಕೆಲಸ ಬಿಟ್ಟಿದ್ದನ್ನು ಅಕ್ಕನಿಗೆ ಹೇಳಿದೆ, ಮಾಸ್ತರು ಕೈಕೊಟ್ಟಿದ್ದನ್ನೂ ಹೇಳಿದೆ. ಡಿಸ್ಕ್, ಪಾಸ್‌ವರ್ಡ್, ಯಜಮಾನರ ಕೋಣೆ, ಎಲ್ಲ. ಭಾವನ ಫೋಟೊದ ವಿಷಯ ಮಾತ್ರ ಬಿಟ್ಟೆ.

ಅಕ್ಕ ಕತ್ತರಿ ಕೆಳಗಿಟ್ಟು ಕೇಳಿದಳು. "ನಮ್ಮನೇಲಿ ಊಟ ಮಾಡಿದ ಮನುಷ್ಯ ಅಲ್ವೇನೇ ಅದು" ಎಂದಳು. ಆಮೇಲೆ, "ಬಟ್ಟೆ ಒಂದ್ಸಲ ಚಿಕ್ಕದು ಕತ್ತರಿಸಿದ್ರೆ ಮುಗೀತು. ಅಷ್ಟು ಗೊತ್ತಿಲ್ವಾ ಅವ್ರಿಗೆ. ಯಾರ್ಯಾರ ಮನೆ ಫೋಟೊನೋ ಏನೋ. ಪಾಪ ಆ ಜನ" ಎಂದು ಮರುಗಿದಳು. ತಾನೂ ಆ ಜನರಲ್ಲಿ ಒಬ್ಬಳು ಎಂದು ಅವಳಿಗೆ ಹೊಳೆಯಲಿಲ್ಲ. ನಮ್ಮದು ಸರಿಯಿದೆ ತಾನೇ ಎಂದು ಕೇಳಿದಳು. ನಾನು ಮೊದಲೇ ಬೇರೆ ಕಡೆ ತೆಗೆದಿಟ್ಟಿದ್ದೆ ಎಂದೆ.

ಹೇಗೆ ಬಾಯಿಗೆ ಬಂತೋ. ಮಾರ್ಚ್ ಮೂವತ್ತಕ್ಕೆ ಇನ್ನು ಇಪ್ಪತ್ತೆರಡು ದಿನ. ಅವಳು ಅವತ್ತು ಉಡಲು ಹೊಸ ಸೀರೆ ತಂದು ತೋರಿಸಿದಳು. ಈಗ ಸತ್ಯ ಹೇಳಿದರೆ ಅವಳಿಗೆ ಏನು ಸಿಗುತ್ತದೆ?

ಮಾರ್ಚ್ 13, ಗುರುವಾರ

ಎಂಟುನೂರು ಚುಕ್ಕೆಯದನ್ನು ಎಲ್ಲ ರೀತಿಯಲ್ಲೂ ಹಿಗ್ಗಿಸಿ ನೋಡಿದೆ. ನಯವಾಗಿ ಮಾಡಿದರೆ ಹೊಗೆ, ಚೂಪು ಮಾಡಿದರೆ ಗರಗಸದ ಅಂಚು. ಮುಖವೆಂದು ಅದರಲ್ಲಿ ಇರುವುದೇ ನನ್ನ ಹೆಬ್ಬೆರಳಿನ ಉಗುರಿನಷ್ಟು.

ಬೆಳಿಗ್ಗೆ ಮುಖ ಚೊಕ್ಕ ಮಾಡುವ ಆ ಪ್ರೋಗ್ರಾಂ ಇಳಿಸಿಕೊಂಡೆ. ಏನಾಗುತ್ತದೆ ನೋಡೋಣ ಎಂದಷ್ಟೇ.

ನಾಲ್ಕು ನಿಮಿಷ ತೆಗೆದುಕೊಂಡಿತು. ಭಾವ ಎದುರಿಗೆ ಬಂದು ನಿಂತ. ರೆಪ್ಪೆಗಳು, ತುಟಿಯ ಮೇಲಿನ ಗೆರೆ, ಒದ್ದೆ ಕೂದಲಿನ ಒಂದೊಂದು ಎಳೆ. ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಹತ್ತಿರದಿಂದ ನೋಡಿದೆ. ಹುಬ್ಬು ಪೂರ್ತಿಯಾಗಿದೆ, ಭಾವನ ಹುಬ್ಬಿನಲ್ಲಿ ಕೊಳಕ್ಕೆ ಜಿಗಿಯುವ ಹಲಗೆ ಬಡಿದು ಆದ ಸೀಳು ಇತ್ತು. ಎಡ ಕೆನ್ನೆಯಲ್ಲಿ ಒಂದು ಗುಳಿ ಬಂದಿದೆ. ಭಾವನಿಗೆ ಗುಳಿ ಇರಲಿಲ್ಲ. ಅಲ್ಲಿ ಇದ್ದದ್ದು ನೀರಿನ ಹನಿ. ಫೋಟೊ ತೆಗೆದವಳು ನಾನು, ಹನಿ ಜಾರುವ ಮೊದಲು ಒತ್ತಿದ್ದೆ. ಎಂಟುನೂರಕ್ಕೆ ಇಳಿಸಿದಾಗ ಹನಿ ಬೂದು ಕಲೆಯಾಯಿತು, ಪ್ರೋಗ್ರಾಂ ಆ ಕಲೆಯನ್ನು ಗುಳಿ ಮಾಡಿತು.

ಮಾರ್ಚ್ 15, ಶನಿವಾರ

ಹುಬ್ಬಿನ ಸೀಳನ್ನು ಕೈಯಿಂದ ಹಾಕಿದೆ. ಬಲ ಹುಬ್ಬೋ ಎಡ ಹುಬ್ಬೋ ಎಂದು ಒಂದು ಗಳಿಗೆ ನೆನಪಾಗಲಿಲ್ಲ, ಬೇರೆ ಫೋಟೊ ನೋಡಿ ಬಲ ಎಂದು ಖಾತ್ರಿ ಮಾಡಿಕೊಂಡೆ. ಚೆನ್ನಾಗಿ ಕೂತಿದೆ. ಗುಳಿಯನ್ನು ತೆಗೆಯಲು ನೋಡಿದೆ. ತೆಗೆದರೆ ಕೆನ್ನೆ ಮೇಣದ ಗೊಂಬೆಯದಂತೆ ಆಗುತ್ತದೆ. ವಾಪಸ್ ಇಟ್ಟೆ.

ಗೋಡೆಯ ಮೇಲಿನ ಫೋಟೊವನ್ನು ಜನ ಹತ್ತು ಹೆಜ್ಜೆ ದೂರದಿಂದ ನೋಡುತ್ತಾರೆ. ಯಾರು ಕೆನ್ನೆಗೆ ಕಣ್ಣು ಹಚ್ಚಿ ನಿಲ್ಲುತ್ತಾರೆ?

ಪ್ರಿಂಟ್ ಅಂಗಡಿಯವರು ಕನ್ನಡಕ ಏರಿಸಿ, "ಹಾಂ, ಇದು ನೋಡಿ ಮೂಲದ್ದು. ಇದನ್ನೇ ಅವತ್ತು ಕೇಳಿದ್ದು" ಎಂದರು. ಅಕ್ಕ ನನ್ನ ಕೈ ಒತ್ತಿದಳು.

ಮಾರ್ಚ್ 22, ಶನಿವಾರ

ತರಕಾರಿ ಅಂಗಡಿಯ ಮುಂದೆ ಮಾಸ್ತರು ಸಿಕ್ಕರು. ರಸ್ತೆ ದಾಟಿ ತಾವಾಗಿಯೇ ಬಂದರು. ಬಡಕಲಾಗಿದ್ದಾರೆ.

"ನನಗೆ ನಿದ್ದೆ ಬರ್ತಿಲ್ಲಮ್ಮ. ಇನ್ನೆರಡು ವರ್ಷ ಇದೆ ನನ್ನ ಸರ್ವಿಸು. ಅವತ್ತು ಹೆದ್ರಿಬಿಟ್ಟೆ" ಎಂದರು.

ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದೆಲ್ಲ ಹೊರಗೆ ಬಂತು. "ಹೆದರಿದ್ದು ಬೇರೆ ಮಾತು ಮಾಸ್ತರೇ. ನೀವು ಮೂಲವನ್ನ ಅಳಿಸಿ, ಅದರ ಜಾಗದಲ್ಲಿ ಸುಳ್ಳು ಇಟ್ಟು, ಇದೇ ಮೂಲ ಅಂತ ಜನರ ಕೈಗೆ ಕೊಟ್ರಿ. ನಂಬಿದವರ ಕೈಗೆ ಕೊಟ್ರಿ. ಅದಕ್ಕೆ ಕ್ಷಮೆ ಇಲ್ಲ" ಎಂದೆ. ಅಂಗಡಿಯವರೆಲ್ಲ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. ಅವರು ಚೀಲ ಎತ್ತಿಕೊಂಡು ಹೋದರು.

ಮನಸ್ಸು ಹಗುರಾಯಿತು. ಮನೆಗೆ ಬಂದು ಚೆನ್ನಾಗಿ ಊಟ ಮಾಡಿದೆ. ಸಂಜೆ ಅಕ್ಕನ ಉಳಿದ ಫೋಟೊಗಳಿಗೂ ಪ್ರೋಗ್ರಾಂ ಹಾಕಲು ಶುರುಮಾಡಿದೆ. ಒಂದೇ ಸರಿ ಇದ್ದು ಮಿಕ್ಕದ್ದೆಲ್ಲ ಹೊಗೆಯಾಗಿದ್ದರೆ ಅವಳಿಗೆ ಅನುಮಾನ ಬರುತ್ತದೆ. ಇನ್ನೂರ ಹನ್ನೆರಡು ಇವೆ.

ಮಾರ್ಚ್ 30, ಭಾನುವಾರ

ಕೊಳ ತೆರೆಯಿತು. ನೀಲಿ ಹೊಸ ಟೈಲ್ಸು, ಔಷಧಿ ವಾಸನೆ, ಮಾತಾಡಿದರೆ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಬಾಗಿಲ ಎದುರಿಗೇ ಭಾವ, ಆಳೆತ್ತರ, ಸೀಟಿ ಕೊರಳಲ್ಲಿ, ನಗುತ್ತಾ.

ಭಾವನ ಹತ್ತಿರ ಕಲಿತವರೆಲ್ಲ ಬಂದಿದ್ದರು. ಕೊಳದ ಮ್ಯಾನೇಜರ್ ಫೋಟೊದ ಮುಂದೆ ಬಹಳ ಹೊತ್ತು ನಿಂತರು. ಹದಿನೆಂಟು ವರ್ಷ ಜೊತೆಗೆ ಕೆಲಸ ಮಾಡಿದವರು. "ಚೆನ್ನಾಗಿ ಬಂದಿದೆ" ಎಂದರು. ಆಮೇಲೆ, "ಚಿಕ್ಕವರಾಗಿ ಕಾಣ್ತಾರೆ ಅಲ್ವಾ" ಎಂದು ನನ್ನನ್ನು ಕೇಳಿದರು. ಹೊಸ ಬೆಳಕು ಹಾಗೆ ಮಾಡುತ್ತದೆ ಎಂದೆ.

ಎಲ್ಲರೂ ಹೋದ ಮೇಲೂ ಅಕ್ಕ ಅಲ್ಲೇ ನಿಂತಿದ್ದಳು. ಹತ್ತು ಹೆಜ್ಜೆ ದೂರದಲ್ಲಲ್ಲ, ತೀರ ಹತ್ತಿರ. ಒಂದು ಬೆರಳನ್ನು ಆ ಎಡ ಕೆನ್ನೆಯ ಮೇಲೆ ಇಟ್ಟಿದ್ದಳು. ಅವಳು ಒಂದು ಹೊಲಿಗೆ ಓರೆಯಾದರೂ ಪಕ್ಕದ ಕೋಣೆಯಿಂದ ಕಂಡುಹಿಡಿಯುವವಳು. ಕೇಳಿದರೆ ಇವತ್ತೇ ಎಲ್ಲ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡು ಪಕ್ಕಕ್ಕೆ ಹೋದೆ.

"ನೋಡೇ, ಇವ್ರಿಗೆ ಇಲ್ಲಿ ಗುಳಿ ಬೀಳ್ತಿತ್ತು" ಎಂದಳು. "ನಾನು ಮರೆತೇಬಿಟ್ಟಿದ್ದೆ. ಇಪ್ಪತ್ತೊಂದು ವರ್ಷ ಜೊತೆಗಿದ್ದು ಏಳು ತಿಂಗಳಲ್ಲಿ ಮರ್ತುಬಿಟ್ಟೆ. ಎಂಥಾ ಹೆಂಗಸು ನಾನು." ಅವಳ ಕಣ್ಣಲ್ಲಿ ನೀರು ತುಂಬಿತ್ತು. "ನಿನಗೆ ನೆನಪಿತ್ತಾ?"

"ಇತ್ತಲ್ಲ ಅಕ್ಕ" ಎಂದೆ. "ಜೋರಾಗಿ ನಕ್ಕಾಗ ಮಾತ್ರ ಕಾಣ್ತಿತ್ತು."

ಅವಳು ಒಂದು ಕ್ಷಣ ಯೋಚಿಸಿದಳು. ಆಮೇಲೆ ಹೌದು, ಹೌದು, ಜೋರಾಗಿ ನಕ್ಕಾಗ, ಎಂದು ತಲೆಯಾಡಿಸಿದಳು.